ನಾಲ್ಕೇ ಳೆ

ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ
ಸುಮ್ಮನೆ ಕೂರಲಿಲ್ಲ.
ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ ಎಂದು ಚೀಟಿ ಹೊತ್ತ
ಅದೇ ಮರದ ಗೂಡುಗಳನ್ನು ಹರಾಜಿನಲ್ಲಿ ಕೊಂಡು ತಂದೆ,
ಕಾಗದದ ಬದಲು ಪದ್ಯ ತುಂಬಿಸಿದೆ.

ಸಿಕ್ಕಿದ್ದು ಎಲ್ಲೆಲ್ಲೋ:
ಗೋಣಿಕೊಪ್ಪದ ಸಂತೆಯಲ್ಲಿ ಒಣಮೀನು ಸುತ್ತಿದ್ದ ಲಾವಣಿ,
ತಗಡಿನ ಟ್ರಂಕಿನ ತಳಕ್ಕೆ ಹಾಸಿದ್ದ ಮದುವೆಯ ಹರಕೆ
(ವಧುವಿನ ಹೆಸರನ್ನು ಗೆದ್ದಲು ತಿಂದಿತ್ತು,
ವರನದನ್ನು ಮುಟ್ಟಿರಲಿಲ್ಲ),
ಗಣಪತಿ ಪಟದ ಬೆನ್ನಿಗೆ ಅಂಟಿಕೊಂಡಿದ್ದ
'ಹುಲಿ ಹೊಡೆದ ಪದ, ಬೆಲೆ ಅರ್ಧಾಣೆ'.
ಒಣಮೀನಿನ ವಾಸನೆ ಈಗಲೂ ಹೋಗಿಲ್ಲ;
ಷರಾ ಕಾಲಂನಲ್ಲಿ ಅದನ್ನೂ ಬರೆದಿದ್ದೇನೆ.

ಇನ್ನೂರ ಹನ್ನೆರಡು ಹಾಳೆ ಒಂದೇ ಅಚ್ಚುಕೂಟದ್ದು.
ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಮೊಣ್ಣಪ್ಪನವರದು.
ಓದುತ್ತ ಓದುತ್ತ ಒಂದು ಸಂಶಯ ಹತ್ತಿತು:
ಇವುಗಳಲ್ಲಿ ಎಲ್ಲಿಯೂ ಮಳೆ ಇಲ್ಲ.

ನಮ್ಮದು, ಎದುರು ಸಿಕ್ಕವರನ್ನು
ಊಟ ಆಯಿತೇ ಎನ್ನುವ ಮೊದಲು
ನಿಮ್ಮಲ್ಲಿ ಎಷ್ಟು ಇಂಚು ಎಂದು ಕೇಳುವ ಸೀಮೆ.
ಇಲ್ಲಿನ ಕವಿಗಳು 'ಮುಗಿಲ ನೀರು' ಎನ್ನುತ್ತಾರೆ,
'ವರ್ಷಧಾರೆ' ಎನ್ನುತ್ತಾರೆ,
ಒಬ್ಬನಂತೂ 'ಮೇಲಿನದು ಬಂತು' ಎಂದು ಕೈತೊಳೆದುಕೊಂಡಿದ್ದಾನೆ.
ಅಲ್ಲಿ ನಾನು ನಕ್ಕಿದ್ದೆ.
ಹೊಳೆ ಹರಿಯಬೇಕಾದಲ್ಲಿ ನದಿ,
ನಾಳೆ ಎನ್ನಬೇಕಾದಲ್ಲಿ ಮರುದಿನ.
ಕಿತ್ತಳೆಯ ಹಾಡಿನಲ್ಲಿ ಆ ಹಣ್ಣಿನ ಹೆಸರೇ ಇಲ್ಲ,
ಹದಿನಾರು ಸಾಲು 'ಹೊನ್ನಿನ ಚೆಂಡು' ಉರುಳುತ್ತದೆ.

ನಾನೂ ದೊಡ್ಡದಾಗಿ ಬರೆದುಕೊಂಡೆ:
'ಗಂಡನ ಹೆಸರು ಹೇಳದ ಹಳೇ ಹೆಂಗಸರ ಹಾಗೆ
ಈ ಸೀಮೆಯ ಕವಿಗಳು ಮಳೆಯ ಹೆಸರು ಹಿಡಿಯುವುದಿಲ್ಲ.'
ನನಗೇ ಮೆಚ್ಚುಗೆಯಾಗಿ
ಕೆಳಗೆ ಎರಡು ಗೆರೆ ಎಳೆದೆ.

ಸಲ್ವದೋರ್ ಲೋಬೊ, ಅಲ್ಲಿ ಮೊಳೆ ಜೋಡಿಸುತ್ತಿದ್ದವರು.
ಎಂಬತ್ತಾರು ವರ್ಷ, ಚರ್ಚಿನ ಹಿಂದೆ ಮನೆ,
ಹೆಬ್ಬೆರಳಿನ ಕಪ್ಪು ಯಾವ ಸೋಪಿಗೂ ಬಗ್ಗಿಲ್ಲ.
ನನ್ನ ಷರಾ ಓದಿ ಕೆಮ್ಮು ಬರುವ ತನಕ ನಕ್ಕರು.

'ಕವಿಗಳಂತೆ! ಮಾರಾಯರೇ,
ಮಂಗಳೂರಿಂದ ಮೊಳೆ ತರುವಾಗ
ಸಂಪಾಜೆ ಘಾಟಿಯಲ್ಲಿ ಒಂದು ಪೊಟ್ಟಣ ಬಿದ್ದುಹೋಯಿತು.
ಕೈಲಿ ಉಳಿದದ್ದು ನಾಲ್ಕೇ ಳೆ.
ಬಿನ್ನವತ್ತಳೆ ಅನ್ನುವುದಕ್ಕೇ ಒಂದು ಖರ್ಚು,
ಮಿಕ್ಕದ್ದು ದಾನಿಗಳ ಮನೆಹೆಸರಿಗೆ ಕಾದಿಡಬೇಕು.
ಮಳೆ, ಹೊಳೆ ಎಂದು ಬರೆದು ತಂದವರನ್ನು
ಬಾಗಿಲಲ್ಲೇ ನಿಲ್ಲಿಸಿ ತಿದ್ದಿಸುತ್ತಿದ್ದೆ.
ಹೊಸದು ತರಿಸಿ ಅಂದರೆ ಮೊಣ್ಣಪ್ಪ
ನಾಳೆ, ನಾಳೆ ಅನ್ನುತ್ತಿದ್ದರು.
ಬಾಯಲ್ಲಿ ಎಷ್ಟು ಬೇಕಾದರೂ ಇತ್ತಲ್ಲ!'

ಬಸ್ಸಿನಲ್ಲಿ ನನಗೂ ನಗು.
ಮನೆಗೆ ಬಂದು ಎರಡು ಗೆರೆಯನ್ನೂ
ಬ್ಲೇಡಿನಲ್ಲಿ ಹೆರೆದು ತೆಗೆದೆ.

ಆಮೇಲೆ, ಯಾಕೋ, ನೂರ ಅರವತ್ತೇಳನ್ನು ಗೂಡಿನಿಂದ ಎಳೆದೆ,
ನಾನು ನಕ್ಕಿದ್ದ ಆ ಹಾಳೆಯನ್ನು.
ಕಪ್ಪು ಅಂಚು. ಬೆಲೆ ಇಲ್ಲ.
ದೇಚಮ್ಮ, ವಯಸ್ಸು ಒಂಬತ್ತು, ಕಕ್ಕಡ ಮಾಸ.
ನಾಲ್ಕು ಪದ್ಯ; ಮಾತ್ರೆ ಕುಂಟುತ್ತದೆ,
ಎರಡನೆಯದರಲ್ಲಿ ಪ್ರಾಸ ಕೈಬಿಟ್ಟಿದೆ.
'ಮೇಲಿನದು ಬಂತು, ನಿಲ್ಲಲಿಲ್ಲ,
ಎರಡು ದಿನ ನೀನು ಮನೆಯಲ್ಲೇ ಇದ್ದೆ.'

ಪ್ರತಿ ಪದ್ಯದ ಮೊದಲಿಗೆ, ಒಂಟಿಯಾಗಿ,
ಒಂದು ಸಾಲಿನ ಜಾಗವನ್ನೆಲ್ಲ ತೆಗೆದುಕೊಂಡು:
ಮಗಳೇ.

ಬೆರಳಿಟ್ಟು ಎಣಿಸಿದೆ.
ಉಳಿದ ಹಾಳೆಯನ್ನೂ ಮೂಲೆಯಿಂದ ಮೂಲೆಗೆ ಹುಡುಕಿದೆ,
ಕೊನೆಯಲ್ಲಿ ಚಿಕ್ಕಕ್ಷರದ ಅಚ್ಚುಕೂಟದ ವಿಳಾಸದವರೆಗೆ.

ಲೋಬೊರನ್ನು ಮತ್ತೆ ಕೇಳಲು ಹೋಗಲಿಲ್ಲ.
ಕ್ರಮಾಂಕದ ಪಕ್ಕ ಅಳತೆ ಬರೆದೆ,
ಮಡಿಕೆ ಮೂರು, ಬಲಗಡೆ ನೀರಿನ ಕಲೆ.
ಕರ್ತೃ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು;
ವಿಳಾಸವಿಲ್ಲದ ಲಕೋಟೆಯ ಮುಂದೆ
ನಿಲ್ಲುತ್ತಿತ್ತಲ್ಲ, ಹಾಗೆ.
ಖಾಲಿ ಬಿಟ್ಟೆ.

ಷರಾ ಕಾಲಂ ಅಗಲ ಕಡಿಮೆ.
ಇಷ್ಟೇ ಹಿಡಿಸಿತು:
ಳೆ, ನಾಲ್ಕು.